ಏಳು ತಂತಿ, ಒಂದು ಮೈಕು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಹಳೆಯ ಕಚೇರಿಯೊಂದರ ಧ್ವನಿಮುದ್ರಣ ಕೇಳುತ್ತಿದ್ದೆ. ಹಾಡುಗಾರಿಕೆ ಚೆಂಬೈ ವೈದ್ಯನಾಥ ಭಾಗವತರದು, ಪಿಟೀಲು ಟಿ. ಚೌಡಯ್ಯನವರದು. ಹೆಸರಿನ ಮುಂದಿನ ಆ 'ಟಿ' ಅಂದರೆ ತಿರುಮಕೂಡಲು. ಕಪಿಲೆ ಕಾವೇರಿಯನ್ನು ಸೇರುವ, ಅಗಸ್ತ್ಯೇಶ್ವರನ ಗುಡಿಯಿರುವ ಈ ಊರಿನಲ್ಲೇ 1895ರಲ್ಲಿ ಅವರು ಹುಟ್ಟಿದ್ದು.

ಚೆಂಬೈ ಅವರದು ಗಂಟೆಯಂಥ ತುಂಬು ಶಾರೀರ. ಅವರು ರಾಗವನ್ನು ಒಂದು ಹಂತಕ್ಕೆ ತಂದು ಬಿಟ್ಟ ಕೂಡಲೇ ಪಿಟೀಲು ಎತ್ತಿಕೊಳ್ಳುತ್ತದೆ. ಮೊದಲು ನೆರಳಿನ ಹಾಗೆ ಹಿಂದೆ ಬರುತ್ತಿದ್ದದ್ದು ಈಗ ತಾನೇ ದಾರಿ ಹುಡುಕುತ್ತದೆ. ಉದ್ದನೆಯ ಕಮಾನು, ಒಂದೇ ಎಳೆತದಲ್ಲಿ ಸ್ವರ ಉಬ್ಬಿ, ನಿಂತು, ಮೆಲ್ಲನೆ ಇಳಿಯುತ್ತದೆ. ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಹಾಡುಗಾರರು. ಆ ಪಾಠ ಶಿಷ್ಯನ ಕೈಗೆ ಇಳಿದಿದೆ ಅನ್ನಿಸುವುದು ಬೆರಳಿನ ಚುರುಕಿನಲ್ಲಲ್ಲ, ಉಸಿರಿನಷ್ಟೇ ದೂರ ಹೋಗಿ ನಿಲ್ಲುವ ಈ ಕಮಾನಿನಲ್ಲಿ.

ಕಲ್ಪನಾಸ್ವರದಲ್ಲಂತೂ ಇಬ್ಬರೂ ಒಬ್ಬರನ್ನೊಬ್ಬರು ಕೆಣಕುತ್ತಾರೆ. ಗಾಯಕರು ಎಲ್ಲಿಗೆ ಮುಗಿಸುತ್ತಾರೆಂದು ಪಕ್ಕವಾದ್ಯದವರಿಗೆ ಮೊದಲೇ ಗೊತ್ತಿರುವುದಿಲ್ಲ. ಕೇಳಿದ ಮರುಗಳಿಗೆಯಲ್ಲೇ ಉತ್ತರ ಕಟ್ಟಬೇಕು. 78 ಆರ್‌ಪಿಎಂ ತಟ್ಟೆಯ ಮೂರು ಚಿಲ್ಲರೆ ನಿಮಿಷದಲ್ಲಿ ಈ ಮಾತುಕತೆಗೆ ಜಾಗವೆಲ್ಲಿ? ಚೌಡಯ್ಯನವರ ತಟ್ಟೆಗಳನ್ನಷ್ಟೇ ಕೇಳಿದವರಿಗೆ ಅವರು ಅರ್ಧ ಮಾತ್ರ ಸಿಕ್ಕಿದ್ದಾರೆ ಎಂದೇ ನನ್ನ ನಂಬಿಕೆ.

ತಕರಾರು ಇಲ್ಲವೆಂದಲ್ಲ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ಅವರು ನಾಲ್ಕು ತಂತಿಗೆ ಇನ್ನೂ ಮೂರನ್ನು ಜೋಡಿಸಿಕೊಂಡವರು. ಇಂಥ ಕಚೇರಿಗಳ ಮುದ್ರಣ ನಡೆಯುವ ಹೊತ್ತಿಗೆ ಮೈಕು ಎದುರಿಗೇ ಬಂದು ಕೂತಿತ್ತು. ಸಭೆಗೆಂದು ಬೆಳೆಸಿದ ನಾದವನ್ನು ಅದು ಮೊಳದ ದೂರದಲ್ಲಿ ಹಿಡಿದಾಗ ಕೆಲವು ಕಡೆ ಪಿಟೀಲು ದಪ್ಪಗೆ, ಒರಟಾಗಿ ಕೇಳುತ್ತದೆ. ಸಣ್ಣ ಗಮಕಗಳ ಅಂಚು ಕಲಸಿಹೋಗುತ್ತದೆ. ಗಾಯಕರ ಸಾಲಿನ ಕೊನೆ ಮುಳುಗುವುದೂ ಉಂಟು. ಇದನ್ನು ಬರಿಯ ಮುದ್ರಣದ ದೋಷವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾರಣ ತೀರಿದ ಮೇಲೂ ಅವರು ಏಳು ತಂತಿಯನ್ನು ಬಿಡಲಿಲ್ಲ, ಆ ನಾದವೇ ಅವರಿಗೆ ಬೇಕಾಗಿತ್ತು. ಕೆಳಸ್ಥಾಯಿಯ ನಿಧಾನ ಸಂಚಾರದಲ್ಲಿ ಅದು ಕೊಡುವ ತುಂಬುತನ ನಾಲ್ಕು ತಂತಿಯಲ್ಲಿ ಸಿಗುವಂಥದ್ದಲ್ಲ. ದ್ರುತ ಸ್ವರಗಳಲ್ಲಿ ಅದೇ ತುಂಬುತನ ಭಾರವಾಗುತ್ತದೆ.

ನನ್ನ ನಿಜವಾದ ಅಸಮಾಧಾನ ಕತ್ತರಿಯ ಮೇಲೆ. ಕೈಯಿಂದ ಕೈಗೆ ಬಂದ ಎಷ್ಟೋ ಪ್ರತಿಗಳಲ್ಲಿ ಗಾಯಕರ ಆಲಾಪನೆ ಪೂರ್ತಿ ಇರುತ್ತದೆ, ಪಿಟೀಲಿನ ಸರದಿ ಬಂದ ಕೂಡಲೇ ನೇರ ಕೃತಿಗೆ ಹಾರುತ್ತದೆ. ಮೃದಂಗದ ತನಿ ಆವರ್ತನಕ್ಕೂ ಅದೇ ಗತಿ. ಪಕ್ಕವಾದ್ಯವೆಂದರೆ ಕಳೆದರೂ ನಡೆಯುವ ಭಾಗವೆಂದು ಯಾರೋ ತೀರ್ಮಾನಿಸಿದ್ದಾರೆ. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಪಡೆದ, ಪಕ್ಕದಲ್ಲಿ ಕೂತೇ ಕಚೇರಿಯ ಎತ್ತರವನ್ನು ಬದಲಿಸಿದ ಕಲಾವಿದರಿಗೆ ಇದು ಅನ್ಯಾಯ. 'ಸೊಂಯ್' ಎನ್ನುವ ಟೇಪಿನ ಸದ್ದನ್ನು ತೆಗೆಯಲು ಹೋಗಿ ಕಮಾನು ತಂತಿಗೆ ಉಜ್ಜುವ ದನಿಯನ್ನೂ ಒರೆಸಿ ಹಾಕಿದ ಪ್ರತಿಗಳು ಇನ್ನೂ ಕೆಟ್ಟವು.

ಚೌಡಯ್ಯನವರೇ ನಿರ್ಮಿಸಿದ 1943ರ 'ವಾಣಿ' ಚಿತ್ರದಲ್ಲಿ ಚೆಂಬೈ, ಚೌಡಯ್ಯ, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಒಟ್ಟಿಗೆ ಕೂತ ಕಚೇರಿಯಿದೆ. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ್ದೇ ಸಭಾಂಗಣವಿದೆ. ಇವುಗಳ ಜೊತೆಗೆ ತಿರುಮಕೂಡಲಿನಲ್ಲಿ ಅವರ ಕಚೇರಿಗಳನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಲು ಒಂದು ಕೋಣೆ ಬೇಕು ಎಂಬುದು ನನ್ನ ಆಸೆ. ಅಲ್ಲಿ ಏನನ್ನೂ ಕತ್ತರಿಸಬಾರದು. ಹಾಡು ಶುರುವಾಗುವ ಮುಂಚೆ ಏಳು ತಂತಿಗಳನ್ನು ಒಂದೊಂದಾಗಿ ಶ್ರುತಿಗೆ ಕೂಡಿಸುವ ಸದ್ದನ್ನೂ.