ಡಬ್ಬ ತುಂಬಿದರೆ ಸಾಕೇ?

ಆಪತ್ತಿನ ಕಾಲಕ್ಕೆಂದು ಮನೆಯಲ್ಲಿ ಆಹಾರ ಕೂಡಿಡುವುದು ಹೇಗೆ ಎಂದು ಕಲಿಸುವ ವಿಡಿಯೋಗಳು ಈಗ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಇಂಗ್ಲಿಷಿನಲ್ಲಿ ಹೆಚ್ಚು, ಹಿಂದಿಯಲ್ಲಿ ಅಷ್ಟಿಷ್ಟು, ಕನ್ನಡದಲ್ಲಿಯೂ ಕೆಲವು. 2020ರ ಲಾಕ್‌ಡೌನಿನ ದಿನಗಳಿಂದ ನಾನು ಇವನ್ನು ನೋಡುತ್ತ ಬಂದಿದ್ದೇನೆ. ಕೆಲವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅರೆಕೆರೆಯ ನಮ್ಮ ಅಡುಗೆಮನೆಯಲ್ಲಿ ಮಾಡಿಯೂ ನೋಡಿದ್ದೇನೆ. ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಿನಿಮಾಕ್ಕಂತೂ ಬಿಡುಗಡೆಯ ದಿನವೇ ಉಂಟು. ಮನೆಮನೆಯ ಅಡುಗೆಮನೆಗೆ ಇಳಿದಿರುವ ಈ ಪಾಠಗಳಿಗೆ ಮಾತ್ರ ಯಾರೂ ವಿಮರ್ಶೆ ಬರೆದಂತಿಲ್ಲ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಕೈ ನನ್ನದು. ಪಾಠ ಕೇಳಿಯಾದ ಮೇಲೆ ಪಾಠ ಹೇಳಿದವರಿಗೂ ಅಂಕ ಹಾಕಬೇಕೆನಿಸುವುದು ಸಹಜ.

ಮೊದಲು ಒಳ್ಳೆಯದನ್ನು ಹೇಳಬೇಕು. ಇವರು ಶಿಸ್ತು ಕಲಿಸುತ್ತಾರೆ. ಡಬ್ಬದ ಮೇಲೆ ತಂದ ತಾರೀಖು ಬರೆಯಿರಿ, ಮೊದಲು ತಂದದ್ದು ಮೊದಲು ಖರ್ಚಾಗಲಿ, ದಿನವೂ ಉಣ್ಣುವುದನ್ನೇ ಕೂಡಿಡಿ, ಉಣ್ಣದೇ ಇರುವುದನ್ನು ಕೂಡಿಟ್ಟು ಹುಳುವಿಗೆ ಹಾಕಬೇಡಿ, ಎಂಬ ಮಾತುಗಳು ಬಂಗಾರದಂಥವು. ಇನ್ನೂ ಒಂದು ಗುಣವಿದೆ. ಇವರು ಕೇಳುವವರನ್ನು ಹಂಗಿಸುವುದಿಲ್ಲ. ನಮ್ಮ ಮನೆಗಳಲ್ಲಿ ಈ ವಿದ್ಯೆ ಅತ್ತೆಯಿಂದ ಸೊಸೆಗೆ ಬೈಗುಳದ ಜೊತೆಯಲ್ಲಿ ದಾಟಿ ಬಂದದ್ದು. ಬೇಳೆಗೆ ಹರಳೆಣ್ಣೆ ಸವರುವುದು, ಅಕ್ಕಿಗೆ ಬೇವಿನ ಸೊಪ್ಪು ಇಡುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಅವರೆಗೆ ಬೂದಿ ಬೆರೆಸುವುದು, ಇವೆಲ್ಲ ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿತದ್ದು. ಈಗ ಅತ್ತೆ ಒಂದೂರಿನಲ್ಲಿ, ಸೊಸೆ ಒಂದೂರಿನಲ್ಲಿ. ಮದುವೆಯಾಗಿ ಬಂದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಹುಡುಗಿಗೆ ಹೇಳುವವರು ಯಾರು? ಮೊಬೈಲು ಹೇಳಿತು. ಅದಕ್ಕಾಗಿ ಅದನ್ನು ಹಳಿಯಬಾರದು. ಮನೆವಾರ್ತೆಯ ತಿಳಿವಳಿಕೆಯನ್ನು ಎಲ್ಲರಿಗೂ ಸಿಗುವಂತೆ ಬರೆದಿಡಬೇಕೆಂಬ ಆಸೆಯೂ ನಮಗೆ ಹೊಸದಲ್ಲ. ಎರಡನೆಯ ಚಾವುಂಡರಾಯ 1025ರಲ್ಲೇ ‘ಲೋಕೋಪಕಾರ’ದಲ್ಲಿ ಅಡುಗೆ, ಅಂತರ್ಜಲ, ಗಿಡಮರಗಳ ಆರೈಕೆ ಎಲ್ಲವನ್ನೂ ಕನ್ನಡದಲ್ಲಿ ಒಂದೇ ಕಡೆ ಹೇಳಿದ್ದ.

ತಪ್ಪು ಶುರುವಾಗುವುದು ಬಾಯಿಪಾಠದಲ್ಲಿ. ನಮ್ಮವರು ಮಾಡುವ ಪಾಠಗಳಲ್ಲೂ ಹೆಚ್ಚಿನವು ಅಮೆರಿಕದ ಪಾಠದ ನಕಲು. ಅಲ್ಲಿ ಮನೆಯ ಕೆಳಗೆ ತಂಪಾದ ನೆಲಮಾಳಿಗೆ ಇರುತ್ತದೆ, ಗೋಡೆಯುದ್ದಕ್ಕೂ ಕಪಾಟು ಇರುತ್ತದೆ. ಅಲ್ಲಿಯವರು ದಪ್ಪ ಚೀಲದಲ್ಲಿ ಧಾನ್ಯ ತುಂಬಿ, ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ ಹಾಕಿ ಬೆಸುಗೆ ಹಾಕುತ್ತಾರೆ. ಆ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿಯುತ್ತ ಒಳಗಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಇದನ್ನು ನಮ್ಮ ಹುಡುಗರು ಮಹಾ ವಿಜ್ಞಾನವೆಂಬಂತೆ ತೋರಿಸುವಾಗ ನನಗೆ ನೆನಪಾಗುವುದು ಹಗೇವು.

ರಾಗಿ ಬೆಳೆಯುವ ನಮ್ಮ ಸೀಮೆಯಲ್ಲಿ ನೀರು ನಿಲ್ಲದ ಎತ್ತರದ ಜಾಗ ನೋಡಿ ನೆಲವನ್ನು ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಚಿಕ್ಕ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತದೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಹಗೇವಿನ ಬಾಯಿ ತೆರೆದ ಕೂಡಲೇ ಬುದ್ಧಿವಂತರು ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಪೊಟ್ಟಣದ ವಿದ್ಯೆಯೂ ಹಗೇವಿನ ವಿದ್ಯೆಯೂ ಒಂದೇ. ಫ್ಲ್ಯಾಟಿನಲ್ಲಿ ಹಗೇವು ತೋಡಲಾಗದು, ನಿಜ. ಆದರೆ ರಾಗಿಯನ್ನು ಹಿಟ್ಟು ಮಾಡದೆ ಕಾಳಾಗಿಯೇ ಇಡಬೇಕು, ಬಿಸಿಲಿಗೆ ಹಾಕಿ ತೇವ ಕಳೆದು ಗಾಳಿಯಾಡದಂತೆ ಮುಚ್ಚಬೇಕು, ಎಂಬ ಎರಡು ಮಾತು ಹೇಳಿದ್ದರೆ ಪೊಟ್ಟಣ ತರಿಸುವ ಖರ್ಚು ಎಷ್ಟೋ ಮನೆಗಳಲ್ಲಿ ಉಳಿಯುತ್ತಿತ್ತು. ಬಿಸಿಲಿನ ಮಾತೇ ಈ ಪಾಠಗಳಲ್ಲಿ ಅಪರೂಪ. ನಮ್ಮ ಉಗ್ರಾಣದ ಅರ್ಧ ಕೆಲಸ ಮಾಡುತ್ತಿದ್ದವನು ಸೂರ್ಯ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಅವನ ಕೈಯಲ್ಲೇ ಆಗುತ್ತಿದ್ದವು.

ಖರ್ಚಿನ ತಪ್ಪನ್ನು ಕ್ಷಮಿಸಬಹುದು. ಪ್ರಾಣಕ್ಕೆ ಬರುವ ತಪ್ಪನ್ನು ಕ್ಷಮಿಸಲಾಗದು. ಬೇಯಿಸಿದ ಪಲ್ಯ, ಸಾಂಬಾರು, ಬೇಳೆಗಳನ್ನು ಗಾಜಿನ ಬಾಟಲಿಗೆ ತುಂಬಿ, ನೀರಿನಲ್ಲಿ ಕುದಿಸಿ, ಮುಚ್ಚಳ ಬಿಗಿದು, ‘ವರ್ಷವಿಡೀ ಕೆಡುವುದಿಲ್ಲ’ ಎನ್ನುವ ಪಾಠಗಳಿವೆ. ಹುಳಿಯಿಲ್ಲದ ಆಹಾರವನ್ನು ಗಾಳಿಯಿಲ್ಲದಂತೆ ಮುಚ್ಚಿಟ್ಟರೆ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ವಿಷ ಹುಟ್ಟಬಹುದು. ಅದನ್ನು ಹುಟ್ಟಿಸುವ ಸೂಕ್ಷ್ಮಜೀವಿಯ ಬೀಜಾಣುಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಅವನ್ನು ಕೊಲ್ಲಲು ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ, ಅದೂ ಲೆಕ್ಕ ಹಾಕಿದಷ್ಟು ಹೊತ್ತು, ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಸಮುದ್ರಮಟ್ಟದ ಊರಿಗೆ ಬರೆದ ನಿಮಿಷಗಳನ್ನು ಇಲ್ಲಿ ಹಾಗೆಯೇ ಓದಿ ಹೇಳಬಾರದು. ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಕಪಾಟಿನಲ್ಲಿಡುವುದಕ್ಕೂ ಇದೇ ಆಕ್ಷೇಪ. ನಮ್ಮ ಉಪ್ಪಿನಕಾಯಿ ಕೆಡದಿರುವುದು ಬಾಟಲಿಯ ಮಹಿಮೆಯಿಂದಲ್ಲ, ಉಪ್ಪು ಮತ್ತು ಹುಳಿಯ ಬಲದಿಂದ. ‘ಆರೋಗ್ಯಕ್ಕೆ ಒಳ್ಳೆಯದು, ಉಪ್ಪು ಕಡಿಮೆ ಹಾಕಿ’ ಎಂದು ಉಪ್ಪಿನಕಾಯಿಯ ಪಾಠದಲ್ಲಿ ಹೇಳುವವರು ಕಾವಲುಗಾರನನ್ನೇ ಮನೆಗೆ ಕಳಿಸಿದಂತಾಗುತ್ತದೆ.

ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಸೈನಿಕರ ಊಟ ಕೆಡದಂತೆ ಕಟ್ಟಿಕೊಡುವ ವಿದ್ಯೆಗೆ 1961ರಿಂದ ರಕ್ಷಣಾ ಆಹಾರ ಪ್ರಯೋಗಾಲಯವೂ ಅಲ್ಲಿಯೇ ಇದೆ. ಇಂಥ ಎರಡು ಸಂಸ್ಥೆಗಳಿರುವ ನಾಡಿನ ಗೃಹಿಣಿ ಆಹಾರ ಕಾಪಾಡುವ ಪಾಠವನ್ನು ಹೊರದೇಶದ ಅಪರಿಚಿತರಿಂದ ಕೇಳಬೇಕಾಗಿದೆ. ಇದು ಪಾಠ ಹೇಳುವವರೊಬ್ಬರದೇ ಕೊರತೆಯಲ್ಲ.

ಇನ್ನು ಆಪತ್ತು ಎಂದರೆ ಇವರ ಕಣ್ಣಿಗೆ ಕಾಣುವುದು ಹಸಿವು ಮಾತ್ರ. ಬೆಂಗಳೂರಿಗೆ ಮೊದಲು ಬರುವ ಆಪತ್ತು ನೀರಿನದು, ಒಮ್ಮೆ ಇಲ್ಲದೆ, ಒಮ್ಮೆ ಹೆಚ್ಚಾಗಿ. 2022ರ ಸೆಪ್ಟೆಂಬರ್ ಮೊದಲ ವಾರ ಎರಡೂ ಒಟ್ಟಿಗೇ ಬಂದವು. ನಗರದ ಪೂರ್ವದ ಬಡಾವಣೆಗಳಲ್ಲಿ ಜನ ದೋಣಿ, ಟ್ರ್ಯಾಕ್ಟರುಗಳಲ್ಲಿ ಓಡಾಡಿದರು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತುವ ಪಂಪುಮನೆಗೆ ನೀರು ನುಗ್ಗಿ, ಊರಿನ ಎಷ್ಟೋ ಭಾಗಗಳಲ್ಲಿ ನಲ್ಲಿ ನಿಂತಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಕಾಯುವುದೇ ಒಂದು ಉದ್ಯೋಗವಾಯಿತು. ಅಮೆರಿಕದ ಪಾಠದಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಎಂಬ ಲೆಕ್ಕವಿದೆ. ನಾಲ್ಕು ಜನಕ್ಕೆ ಎರಡು ವಾರಕ್ಕೆ 210 ಲೀಟರಿಗೂ ಮೇಲಾಯಿತು, ಎಂದರೆ 20 ಲೀಟರಿನ ಹನ್ನೊಂದು ಕ್ಯಾನು. ಅಕ್ಕಿ ಬೇಳೆ ಕೂಡಿಡಿ ಎನ್ನುವ ನಮ್ಮವರು ಅದನ್ನು ತೊಳೆದು ಬೇಯಿಸುವ ನೀರಿನ ಮಾತನ್ನು ಕೊನೆಯ ಒಂದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ.

ನೀರು ಹೆಚ್ಚಾದಾಗ ಏನು ಮಾಡಬೇಕೆಂಬುದನ್ನಂತೂ ಹೇಳುವುದೇ ಇಲ್ಲ. 2019ರ ನವೆಂಬರ್ 24, ಭಾನುವಾರ, ನಮ್ಮ ಪಕ್ಕದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ನೆಲದ ಮೇಲೆ ಅಕ್ಕಿಯ ಮೂಟೆ ಇಟ್ಟಿದ್ದವರ ಗತಿ ಏನಾಗಿರಬೇಕು? ಹಿಂದೆ ಮನೆಗೆ ಅಟ್ಟ ಎಂಬುದಿತ್ತು. ಒಲೆಯ ಹೊಗೆ, ಬಿಸಿ ತಾಗುವಷ್ಟು ಹತ್ತಿರ, ನೆಲದ ತೇವ ತಾಗದಷ್ಟು ದೂರ. ಏನನ್ನು ಕೂಡಿಡಬೇಕು ಎಂಬುದರಷ್ಟೇ ಎಲ್ಲಿ, ಎಷ್ಟು ಎತ್ತರದಲ್ಲಿ ಇಡಬೇಕು ಎಂಬುದೂ ಮುಖ್ಯ. ಊರ ಹೆಸರಿನಲ್ಲೇ ಕೆರೆಯಿರುವ ನಮ್ಮಂಥವರಿಗೆ ಇದನ್ನು ಮೊದಲ ಪಾಠದಲ್ಲೇ ಹೇಳಬೇಕಿತ್ತು.

ಗ್ಯಾಸೂ ಇಲ್ಲ, ಕರೆಂಟೂ ಇಲ್ಲ ಎಂಬ ದಿನ ಇಪ್ಪತ್ತೈದು ಕಿಲೋ ಅಕ್ಕಿ ಮನೆಯಲ್ಲಿದ್ದರೂ ಮಕ್ಕಳು ಉಪವಾಸವೇ. ಆಪತ್ತಿನ ನಿಜವಾದ ಆಹಾರ ಬೇಯಿಸಬೇಕಾಗಿಲ್ಲದ ಆಹಾರ. ರಾಗಿಯ ಹುರಿಹಿಟ್ಟು, ಅವಲಕ್ಕಿ, ಹುರಿಗಡಲೆ, ಬೆಲ್ಲ, ಕಡಲೆಕಾಯಿ ಬೀಜ. ಹುರಿಹಿಟ್ಟಿಗೆ ಬೆಲ್ಲದ ನೀರೋ ಮಜ್ಜಿಗೆಯೋ ಇದ್ದರಾಯಿತು. ಉತ್ತರ ಕರ್ನಾಟಕದವರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದೇ ಜಾತಿಯವು. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನದಿಗಳು ಉಕ್ಕಿದಾಗ ಊರೂರುಗಳಿಂದ ಹೋದ ನೆರವಿನಲ್ಲಿ ರೊಟ್ಟಿಯ ಕಟ್ಟುಗಳೂ ಇದ್ದವು. ಅವು ವಾರಗಟ್ಟಲೆ ಕೆಡುವುದಿಲ್ಲ, ಒಲೆ ಕೇಳುವುದಿಲ್ಲ, ಮುರಿದರೂ ರುಚಿ ಹೋಗುವುದಿಲ್ಲ. ಈ ಪಟ್ಟಿ ನಮ್ಮವರ ಪಾಠದಲ್ಲಿ ಎದ್ದು ಕಾಣಬೇಕಿತ್ತು. ಕಂಡದ್ದು ಡಬ್ಬದ ಬೀನ್ಸು, ಡಬ್ಬದ ಮೀನು, ಪಾಸ್ತಾ.

ಇದೆಲ್ಲ ಸಾಮಾನಿನ ಲೆಕ್ಕವಾಯಿತು. ನನ್ನ ದೊಡ್ಡ ಆಕ್ಷೇಪ ಮನಸ್ಸಿನ ಲೆಕ್ಕದ್ದು. ಈ ಪಾಠಗಳು ಯಾರನ್ನು ಎದುರಿಗೆ ಕೂರಿಸಿಕೊಂಡಿವೆ? ಮೂರು ತಿಂಗಳ ಸಾಮಾನನ್ನು ಒಮ್ಮೆಗೇ ತರುವಷ್ಟು ಹಣ, ಇಡುವಷ್ಟು ಜಾಗ ಇರುವವರನ್ನು. ನನ್ನ ತರಗತಿಯ ಮಕ್ಕಳಲ್ಲಿ ಅನೇಕರ ತಂದೆತಾಯಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹತ್ತಡಿಯ ಶೀಟಿನ ಮನೆಯಲ್ಲಿ ಐದು ಜನ. ಒಬ್ಬ ಹುಡುಗಿಯ ತಾಯಿಗೆ, ತಿಂಗಳ ಸಾಮಾನು ಒಟ್ಟಿಗೆ ತಂದರೆ ಅಗ್ಗವಾಗುತ್ತದಲ್ಲಮ್ಮ ಎಂದೆ. ಆಕೆ ನಕ್ಕು, “ದಿನದ ಪಗಾರ ದಿನಕ್ಕ ಬರತೈತ್ರೀ ಟೀಚರ್. ತಿಂಗಳದ್ದು ಒಮ್ಮೆಲೆ ತರಾಕ ರೊಕ್ಕ ಎಲ್ಲಿಂದ ತರೂದ್ರಿ?” ಎಂದಳು. 2020ರ ಮಾರ್ಚ್ 24ರ ರಾತ್ರಿ, ಯುಗಾದಿಯ ಹಿಂದಿನ ದಿನ, ದೇಶಕ್ಕೆ ಬೀಗ ಬಿತ್ತು. ಅಂಗಡಿಗಳ ಮುಂದೆ ಸಾಲು ನಿಂತು ಮೂಟೆ ಮೂಟೆ ಹೊತ್ತೊಯ್ದವರು ಹಣವಿದ್ದವರು. ದಿನದ ಕೂಲಿಯವರು ಅಂಗಡಿಗೆ ಬರುವ ಹೊತ್ತಿಗೆ ಉಳಿದದ್ದು ಏರಿದ ಬೆಲೆ. ಶಾಲೆಗಳು ಮುಚ್ಚಿ ಬಿಸಿಯೂಟವೂ ನಿಂತಿತು. ಅದರ ಬದಲು ಧಾನ್ಯ ಹಂಚುವ ಏರ್ಪಾಡು ಆಮೇಲೆ ಬಂದಿತು. ಆ ಮಕ್ಕಳ ಪಾಲಿನ ಕಣಜ ಯಾವುದು ಎಂದು ಯಾರಾದರೂ ಕೇಳಿದರೆ ಶಾಲೆಯ ಅಡುಗೆಮನೆ ಮತ್ತು ನ್ಯಾಯಬೆಲೆ ಅಂಗಡಿ ಎನ್ನಬೇಕು. ಅವೆರಡೂ ಈ ಪಾಠಗಳ ಪಟ್ಟಿಯಲ್ಲಿಲ್ಲ.

ಕೆಲವು ಪರದೇಶದ ಪಾಠಗಳಲ್ಲಿ, ಕೂಡಿಟ್ಟದ್ದನ್ನು ಯಾರಿಗೂ ಹೇಳಬೇಡಿ, ಪಕ್ಕದ ಮನೆಯವರಿಗೂ ತಿಳಿಯಬಾರದು, ಎಂಬ ಎಚ್ಚರಿಕೆ ಬೇರೆ ಇರುತ್ತದೆ. ನಮ್ಮವರೂ ಅದನ್ನು ಗಿಳಿಯಂತೆ ಒಪ್ಪಿಸುತ್ತಾರೆ. ನಮ್ಮ ಹಿಂದಿನವರು ದೇವತೆಗಳಾಗಿದ್ದರೆಂದು ನಾನು ಹೇಳಲಾರೆ. ಹಗೇವುಗಳಿದ್ದ ಈ ನಾಡಿನಲ್ಲೇ ಧಾತು, ಈಶ್ವರ ಸಂವತ್ಸರಗಳ ಬರ ಬಂದದ್ದು, 1876ರಿಂದ 1878ರವರೆಗೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು, 1881ರದರಲ್ಲಿ 42 ಲಕ್ಷಕ್ಕೂ ಕಡಿಮೆ. ಹೊಲವಿದ್ದವನಿಗೆ ಹಗೇವು. ಹೊಲವೇ ಇಲ್ಲದವನಿಗೆ ಎಲ್ಲಿಯ ಹಗೇವು? ಒಂದೊಂದು ಮನೆಯೂ ತನ್ನಷ್ಟಕ್ಕೆ ತುಂಬಿಕೊಂಡರೆ ಊರು ಉಳಿಯುತ್ತದೆ ಎಂಬುದು ಆ ಲೆಕ್ಕದ ಮುಂದೆ ನಿಲ್ಲುವ ಮಾತಲ್ಲ. ಕನ್ನಡದಲ್ಲಿ ‘ನೆರೆ’ ಎಂದರೆ ಉಕ್ಕಿ ಬರುವ ನೀರು, ಪಕ್ಕದ ಮನೆಯೂ ‘ನೆರೆ’ಯೇ. ಮೊದಲನೆಯದು ಬಂದಾಗ ಬೇಕಾಗುವುದು ಎರಡನೆಯದು. ಹುಳಿಮಾವಿನಲ್ಲಿ ನೀರು ನುಗ್ಗಿದ ಮನೆಯ ಮಗುವಿಗೆ ಆ ರಾತ್ರಿ ಬೇಕಾಗಿದ್ದುದು ನೀರು ನುಗ್ಗದ ಮನೆಯ ಒಂದು ತಟ್ಟೆ ಅನ್ನ. ಅದಕ್ಕೆ ಆ ಮನೆಯಲ್ಲಿ ನಾಲ್ಕು ಸೇರು ಹೆಚ್ಚಿಗೆ ಇರಬೇಕು, ಬಾಗಿಲೂ ತೆರೆದಿರಬೇಕು.

ಹಾಗಾದರೆ ಈ ಪಾಠಗಳಿಗೆ ಎಷ್ಟು ಅಂಕ? ಅಚ್ಚುಕಟ್ಟಿಗೆ ಪೂರ್ತಿ ಅಂಕ, ವಿಷಯಕ್ಕೆ ಅರ್ಧ, ಬಾಟಲಿಯ ಪಲ್ಯಕ್ಕೆ ಕೆಂಪು ಗೀಟು. ಕನ್ನಡದಲ್ಲಿ ಇಂಥ ಪಾಠ ಹೇಳಲು ಹೊರಡುವವರಿಗೆ ನನ್ನ ಸೂಚನೆ ಇಷ್ಟೆ. ತಾರೀಖಿನ ಚೀಟಿಯನ್ನು ಬಿಡಬೇಡಿ. ಮೂರು ದಿನಕ್ಕಾಗುವ ಕುಡಿಯುವ ನೀರಿನಿಂದ ಪಾಠ ಶುರುಮಾಡಿ, ಆಮೇಲೆ ಬೇಯಿಸದೆ ತಿನ್ನುವುದನ್ನು ಹೇಳಿ, ಅಕ್ಕಿ ಬೇಳೆ ಮೂರನೆಯದಾಗಲಿ. ಎಲ್ಲವನ್ನೂ ನೆಲ ಬಿಟ್ಟು ಎತ್ತರದಲ್ಲಿಡಲು ಹೇಳಿ. ವಾರಕ್ಕೆ ಅರ್ಧ ಕಿಲೋ ಹೆಚ್ಚಿಗೆ ತರುವ ದಾರಿಯನ್ನು ತೋರಿಸಿ, ಬಡವರಿಗೆ ಅದೊಂದೇ ದಾರಿ. ಕೊನೆಯಲ್ಲಿ, ನಮ್ಮ ಸಾಲಿನಲ್ಲಿ ಒಂಟಿಯಾಗಿರುವ ಮುದುಕಿ ಯಾರು, ಬಾಣಂತಿ ಯಾರು, ದಿನಗೂಲಿಯ ಮನೆ ಯಾವುದು ಎಂಬ ಪಟ್ಟಿಯನ್ನೂ ಮಾಡಿಸಿ. ಅದನ್ನು ಸಾಸಿವೆ ಡಬ್ಬದ ಪಕ್ಕದಲ್ಲೇ ಅಂಟಿಸಿಕೊಳ್ಳಲಿ, ಅಡುಗೆಗೆ ನಿಂತಾಗಲೆಲ್ಲ ಕಣ್ಣಿಗೆ ಬೀಳುತ್ತದೆ.