ಮೆಲ್ಲಗೆ ಹಾಡಿ ಗೆದ್ದ ಮೂವರು

ನಮ್ಮ ಬೇಡಕಿಹಾಳದ ಕಡೆ ಭಜನೆಗೆ ಕೂತರೆ ಮುಂದಿನವರು ಹಾಡಿದ ಸೊಲ್ಲನ್ನೇ ಹಿಂದಿನವರು ಅದೇ ಸ್ವರದಲ್ಲಿ ಎತ್ತಿಕೊಳ್ಳುತ್ತಾರೆ. ತಾಳ, ದಮ್ಮಡಿಯನ್ನು ಮೀರಿ ದನಿ ಏರಬೇಕು, ಅದರ ಸೊಗಸೇ ಅದು. ಆ ಕಿವಿಗೆ ‘ಫ್ಲೀಟ್‌ವುಡ್ಸ್’ ಎಂಬ ಮೂವರ ತಂಡದ ಹಾಡು ಮೊದಲು ತೀರಾ ಸಪ್ಪೆ ಅನಿಸಬಹುದು. ಮೂವರದು ಮೂರು ಸ್ವರ, ಒಟ್ಟಿಗೇ ಸಾಗುತ್ತವೆ; ಯಾರೊಬ್ಬರೂ ಗಂಟಲು ಬಿಡುವುದಿಲ್ಲ. ರಾಕ್ ಅಂಡ್ ರೋಲ್ ಅಬ್ಬರಿಸುತ್ತಿದ್ದ ಕಾಲದಲ್ಲಿ ಹೀಗೆ ಹಾಡಲು ಎದೆಗಾರಿಕೆ ಬೇಕಿತ್ತು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಹೈಸ್ಕೂಲಿನ ಗ್ರೆಚೆನ್ ಕ್ರಿಸ್ಟೋಫರ್, ಬಾರ್ಬರಾ ಎಲಿಸ್ ಜೋಡಿಯಾಗಿ ಹಾಡುತ್ತಿದ್ದರು. ಸಹಪಾಠಿ ಗ್ಯಾರಿ ಟ್ರಾಕ್ಸೆಲ್‌ನನ್ನು ಕರೆದದ್ದು ಟ್ರಂಪೆಟ್ ಊದಲಿಕ್ಕೆ. ಅವರ ಶ್ರುತಿಗೂ ಅವನ ವಾದ್ಯಕ್ಕೂ ಕೂಡಲಿಲ್ಲ. ಒಂದು ದಿನ ಜತೆಗೆ ನಡೆದು ಹೋಗುವಾಗ ಅವನು ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ, ಅರ್ಥವಿಲ್ಲದ ಅಕ್ಷರಗಳು. ಸ್ವಲ್ಪ ನಿಧಾನ ಮಾಡಿದರೆ ತಾನು ಕಟ್ಟುತ್ತಿದ್ದ ಹಾಡು ಅದರ ಮೇಲೆ ಕೂರುತ್ತದೆ ಎಂದು ಗ್ರೆಚೆನ್‌ಗೆ ಹೊಳೆಯಿತು. ‘ಕಮ್ ಸಾಫ್ಟ್‌ಲಿ ಟು ಮಿ’ ಹುಟ್ಟಿದ್ದು ಹಾಗೆ.

ಧ್ವನಿಮುದ್ರಣದಲ್ಲಿ ಲಯಕ್ಕೆ ಗ್ಯಾರಿ ಅಲ್ಲಾಡಿಸಿದ್ದು ಕಾರಿನ ಕೀಲಿಕೈ ಗೊಂಚಲು! ಗಿಟಾರ್ ಸೇರಿದ್ದು ಆಮೇಲೆ. 1959ರ ಏಪ್ರಿಲ್‌ನಲ್ಲಿ ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ ನಾಲ್ಕು ವಾರ ಅಲ್ಲೇ ನಿಂತಿತು. ಅದೇ ವರ್ಷದ ನವೆಂಬರ್‌ನಲ್ಲಿ ‘ಮಿಸ್ಟರ್ ಬ್ಲೂ’ ಕೂಡ ಮೊದಲ ಸ್ಥಾನಕ್ಕೆ ಬಂತು. ಶಾಲೆ ಬಿಟ್ಟ ಹೊಸದರಲ್ಲೇ ಇಂಥ ಗೆಲುವು ಎಷ್ಟು ಮಂದಿಗೆ ದಕ್ಕೀತು?

ಮುಂದಿನ ದಾರಿ ಅಷ್ಟು ಸಲೀಸಾಗಿರಲಿಲ್ಲ. ಗ್ಯಾರಿ ನೌಕಾಪಡೆಯ ಸೇವೆಗೆ ಹೋಗಬೇಕಾಯಿತು. ವೇದಿಕೆಯಲ್ಲಿ ಅವನ ಜಾಗಕ್ಕೆ ಗಾಯಕ ವಿಕ್ ಡಾನಾ ಬಂದ. 1961ರಲ್ಲಿ ‘ಟ್ರಾಜೆಡಿ’ ಮೊದಲ ಹತ್ತರೊಳಗೆ ಬಂದದ್ದೇ ದೊಡ್ಡದು. 1964ರಲ್ಲಿ ಬೀಟಲ್ಸ್ ತಂಡ ಅಮೆರಿಕಕ್ಕೆ ಬಂದಿಳಿದ ಮೇಲಂತೂ ಇಂಥ ಮೆಲುದನಿಗೆ ರೇಡಿಯೊದಲ್ಲಿ ಜಾಗ ಉಳಿಯಲಿಲ್ಲ. ಅವರನ್ನು ಬರೀ ಹದಿಹರೆಯದ ಸಿಹಿ ಹಾಡುಗಾರರು ಎಂದು ಬದಿಗಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉಸಿರು ಹಿಡಿತದಲ್ಲಿಟ್ಟು, ದನಿ ತಗ್ಗಿಸಿಯೂ ಸ್ವರ ಜಾರದಂತೆ ಹಾಡುವುದು ಎಷ್ಟು ಕಷ್ಟವೆಂದು ಹಾಡುವವರಿಗೆ ಗೊತ್ತು. ‘ಮಿಸ್ಟರ್ ಬ್ಲೂ’ ಚೆನ್ನಾಗಿದೆ, ಆದರೆ ಅಲ್ಲಿ ಗ್ಯಾರಿ ಮುಂದೆ, ಹುಡುಗಿಯರು ಹಿಂದೆ. ಮೂವರೂ ಸರಿಸಮ ನಿಲ್ಲುವ ಮೊದಲ ಹಾಡೇ ನನ್ನ ಮಟ್ಟಿಗೆ ಮೇಲು.

ಮೊಬೈಲಿನಲ್ಲಿ ಹುಡುಕಿ ಕೇಳಿ, ವಾಲ್ಯೂಮ್ ಹೆಚ್ಚಿಸಬೇಡಿ. ಮೊದಲ ಸಲ ಗ್ಯಾರಿಯ ಗುನುಗನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ಆ ಇಬ್ಬರು ಹುಡುಗಿಯರನ್ನು.