ಆಚಾರ್ಯರೂ ಜಗನ್ನಾಥನೂ ಒಬ್ಬನೇ ಮನುಷ್ಯನೇ?



ಕಳೆದ ಸಲ ಸೇರಿದಾಗ ಬಿಸಿಬೇಳೆಬಾತು ಖಾಲಿಯಾದರೂ ಖಾಲಿಯಾಗದೆ ಉಳಿದ ಜಗಳ ಇದು. ಅನಂತಮೂರ್ತಿಯವರ 'ಸಂಸ್ಕಾರ' (1965) ಮತ್ತು 'ಭಾರತೀಪುರ' (1973) ಎರಡನ್ನೂ ಒಟ್ಟಿಗೆ ಓದಿಕೊಂಡು ಬಂದಿದ್ದೆವು. ಎರಡರಲ್ಲೂ ನಾಯಕ ಒಬ್ಬನೇ, ಎರಡನೆಯ ಸಲ ಶಿಖೆ ತೆಗೆಸಿ ಇಂಗ್ಲೆಂಡಿಗೆ ಹೋಗಿಬಂದಿದ್ದಾನೆ ಅಷ್ಟೆ ಎಂದು ಯಾರೋ ಅಂದರು. ನಕ್ಕು ಒಪ್ಪಿಬಿಟ್ಟೆವು. ಮತ್ತೆ ಪುಸ್ತಕ ತೆರೆದಾಗ ಒಪ್ಪಿದ್ದು ಅವಸರವಾಯಿತು ಅನ್ನಿಸಿತು.

ಹೋಲಿಕೆಯೇನೋ ಇದೆ. ಇಬ್ಬರೂ ಓದಿದವರು, ಇಬ್ಬರ ಮಾತಿಗೂ ಊರು ಕಿವಿಗೊಡುತ್ತದೆ. ಇಬ್ಬರೂ ಒಂದು ಹೆಜ್ಜೆ ಇಡುವ ಮೊದಲು ಹತ್ತು ಪುಟ ಯೋಚಿಸುತ್ತಾರೆ. ಇನ್ನೂ ಒಂದು ಸಾಮ್ಯವನ್ನು ಅಂದು ಯಾರೂ ಹೇಳಲಿಲ್ಲ. ಇಬ್ಬರೂ ಬಿಡಿಸಲು ಒದ್ದಾಡುವ ಗಂಟನ್ನು ಕೊನೆಗೆ ಬಿಡಿಸುವವರು ಬೇರೆಯವರು. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ಚರ್ಚಿಸುತ್ತಿರುವಾಗ ಚಂದ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರೋರಾತ್ರಿ ಸುಡಿಸಿಬಿಡುತ್ತಾಳೆ. ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಜಗನ್ನಾಥ ಸಿದ್ಧನಾಗುತ್ತಿರುವಾಗ ಅರ್ಚಕರ ಮಗ ಗಣೇಶ ಲಿಂಗವನ್ನೇ ಕಿತ್ತು ನದಿಗೆ ಹಾಕುತ್ತಾನೆ.

ನಮ್ಮಲ್ಲಿ ಬಹಳ ಮಂದಿ ಆಫೀಸಿನಲ್ಲಿ ವ್ಯಕ್ತಿತ್ವದ ಪರೀಕ್ಷೆ ಬರೆದು ನಾಲ್ಕು ಅಕ್ಷರ ಪಡೆದವರೇ. ಈ ಇಬ್ಬರಿಗೂ ಅಲ್ಲಿ ಅದೇ ನಾಲ್ಕು ಅಕ್ಷರ ಬರುತ್ತಿದ್ದವೇನೋ! ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಆ ಪರೀಕ್ಷೆ ಕೇಳುತ್ತದೆ, ಯಾವುದಕ್ಕೆ ಹೆದರುತ್ತೀರಿ ಎಂದು ಕೇಳುವುದಿಲ್ಲ. ಒಂದೇ ಎರರ್ ಮೆಸೇಜು ಎರಡು ಬೇರೆ ಬೇರೆ ಬಗ್‌ಗಳಿಂದ ಬರಬಹುದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಆಚಾರ್ಯರ ಹೆದರಿಕೆ ತಪ್ಪು ಮಾಡಿಬಿಟ್ಟೇನೆಂಬುದು. ಉತ್ತರ ತಮ್ಮ ಹೊರಗೆಲ್ಲೋ ಇದೆ ಎಂದು ನಂಬಿದವರು ಅವರು. ಗ್ರಂಥಗಳಲ್ಲಿ ಹುಡುಕುತ್ತಾರೆ, ಸಿಗದಿದ್ದಾಗ ಮಾರುತಿಯ ಮುಂದೆ ಕೂತು ಹೂಪ್ರಸಾದಕ್ಕೆ ಕಾಯುತ್ತಾರೆ. ಹೂವು ಬೀಳುವುದಿಲ್ಲ. ಆ ರಾತ್ರಿ ಚಂದ್ರಿಯ ಜೊತೆ ಕಳೆದ ಮೇಲೆ ಪ್ರಶ್ನೆ ಬೇರೆಯಾದರೂ ಹೆದರಿಕೆಯ ಜಾತಿ ಅದೇ: ಹೇಳಬೇಕೇ, ಯಾರ ಮುಂದೆ, ಹೇಗೆ?

ಜಗನ್ನಾಥ ಯಾವ ಗ್ರಂಥವನ್ನೂ ಕೇಳುವುದಿಲ್ಲ. ತಾನು ಟೊಳ್ಳು ಎಂಬುದೇ ಅವನ ಹೆದರಿಕೆ. ಒಂದು ದೊಡ್ಡ ಕೆಲಸ ಮಾಡಿದರೆ ಗಟ್ಟಿಯಾದೇನು ಎಂದುಕೊಂಡಿದ್ದಾನೆ. ಸಾಲಿಗ್ರಾಮದ ಪ್ರಸಂಗವನ್ನು ಮತ್ತೆ ಓದಿ. ಅಂಗಳದಲ್ಲಿ ಚಿಕ್ಕಿ ನೋಡುತ್ತಿದ್ದಂತೆಯೇ ಸಾಲಿಗ್ರಾಮವನ್ನು ದಲಿತರ ಮುಂದೆ ಹಿಡಿದು ಮುಟ್ಟಿ ಎನ್ನುತ್ತಾನೆ. ಅವರು ಅಂಜಿ ಹಿಂದೆ ಸರಿಯುತ್ತಾರೆ. ಕೊನೆಗೆ ಗದರುತ್ತಾನೆ. ಗದರಿದ್ದಕ್ಕೆ ಹೆದರಿ ಅವರು ಮುಟ್ಟುತ್ತಾರೆ, ಇವನಿಗೆ ಅವರ ಮೇಲೆಯೇ ಹೇಸಿಗೆ ಹುಟ್ಟುತ್ತದೆ. ಕನ್ನಡ ಕಾದಂಬರಿಯಲ್ಲಿ ಒಳ್ಳೆಯ ಉದ್ದೇಶದ ಮನುಷ್ಯನನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಯಲು ಮಾಡಿದ ಪುಟಗಳು ಕಡಿಮೆ. ಅಲ್ಲಿ ಬಿಡುಗಡೆ ಬೇಕಾಗಿದ್ದದ್ದು ಅವನಿಗೆ.

ಈಗ ಆ ಗಂಟಿನ ವಿಷಯಕ್ಕೆ ಮತ್ತೆ ಬರೋಣ. ಹೆಣ ಸುಟ್ಟಾಯಿತು ಎಂದು ಯಾರಾದರೂ ಆಚಾರ್ಯರ ಕಿವಿಯಲ್ಲಿ ಹೇಳಿದ್ದರೂ ಅವರ ಭಾರ ಗುಲಗಂಜಿಯಷ್ಟೂ ಇಳಿಯುತ್ತಿರಲಿಲ್ಲ. ಹೇಳಿಕೊಳ್ಳಬೇಕಾದದ್ದು ಹಾಗೇ ಉಳಿದಿರುತ್ತಿತ್ತು. ದೇವರಿಲ್ಲದ ಗುಡಿಯ ಮುಂದೆ ನಿಂತ ಜಗನ್ನಾಥನಿಗೋ, ಮಾಡಿದ ಕೆಲಸವೇ ಹಗುರವಾಗಿಬಿಡುತ್ತದೆ.

'ಸಂಸ್ಕಾರ'ವನ್ನು ಅನಂತಮೂರ್ತಿ ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ. ಅಗ್ರಹಾರ ಬಿಟ್ಟು ಹೊರಡಲು ಒದ್ದಾಡುವವನ ಕಥೆ ಪರದೇಶದಲ್ಲಿ ಹುಟ್ಟಿತು, ಪರದೇಶದಿಂದ ಮರಳಿದವನ ಕಥೆ ಲೇಖಕರು ಮರಳಿದ ಮೇಲೆ. ನಾವು ಇಲ್ಲಿ ಕೂತು ಸುಲಭವಾಗಿ ಆಚಾರ್ಯರ ಪಕ್ಷ ಹಿಡಿಯುತ್ತೇವೆ, ಆದರೆ ನಮ್ಮ ನೆಂಟ ಜಗನ್ನಾಥ. ಕೆಲವು ವರ್ಷದ ಹಿಂದೆ ನಾವೆಲ್ಲ ಹಣ ಹಾಕಿ ಊರಿನ ಶಾಲೆಯೊಂದಕ್ಕೆ ಕಂಪ್ಯೂಟರ್ ಕಳಿಸಿದ್ದು ನೆನಪಿದೆಯಲ್ಲ? ಮೇಷ್ಟರು ಮೊದಲು ಕೇಳಿದ್ದು ಸೋರುವ ಮಾಡಿನ ರಿಪೇರಿಗೆ. ಮಾಡು ನಮಗೆ ಹೊಳೆಯಲಿಲ್ಲ, ಕಂಪ್ಯೂಟರ್ ಹೊಳೆಯಿತು. ಮಕ್ಕಳು ಕೈಕಟ್ಟಿ ನಿಂತ ಫೋಟೋ ಬಂದಾಗ ಎಲ್ಲರಿಗೂ ಹಂಚಿದೆವು. ಆ ಫೋಟೋದಲ್ಲಿ ಒಂದು ಮಗುವೂ ನಗುತ್ತಿರಲಿಲ್ಲ, ಅದು ನಮ್ಮ ಕಣ್ಣಿಗೆ ಬಿದ್ದದ್ದು ಮೊನ್ನೆ.

ಹಾಗೆಂದು 'ಭಾರತೀಪುರ'ವೇ ದೊಡ್ಡದೆಂದು ನಾವು ಹೇಳುವುದಿಲ್ಲ. ಜಗನ್ನಾಥನ ಟೊಳ್ಳನ್ನು ಅದು ಬಲ್ಲದು, ಅವನೆದುರು ನಿಂತವರ ಒಳಗನ್ನು ಅಷ್ಟು ಬಲ್ಲದು ಎನ್ನಲಾರೆವು. ಪಿಳ್ಳನ ಮನಸ್ಸಿನಲ್ಲಿ ಏನಿತ್ತು? ಪುಸ್ತಕ ಮುಚ್ಚಿದ ಮೇಲೂ ತಿಳಿಯುವುದಿಲ್ಲ. ಚಂದ್ರಿಗೆ ಸಿಕ್ಕಿರುವುದು ಕೆಲವೇ ಪುಟ, ಆದರೂ ಒಡವೆ ಬಿಚ್ಚಿಡುವಾಗಲೂ ಬೆಂಕಿ ಇಡಿಸುವಾಗಲೂ ಅವಳು ಅವಳೇ. ಇದನ್ನು ಒಪ್ಪದವರು ನಮ್ಮಲ್ಲೇ ಮೂವರಿದ್ದಾರೆ, ಅವರು ಉತ್ತರ ಬರೆಯಲಿ.

ಮುಂದಿನ ಓದಿಗೆ 'ಅವಸ್ಥೆ' (1978) ಇಟ್ಟುಕೊಳ್ಳೋಣ. ಕೃಷ್ಣಪ್ಪ ಈ ಇಬ್ಬರಲ್ಲಿ ಯಾರ ಕಡೆಯವನು ಎಂದು ನೋಡಬೇಕು. ಈ ಸಲ ಊಟಕ್ಕೆ ಮೊದಲೇ ಮಾತು ಶುರುಮಾಡೋಣ.